‘ಬಡವರ ಬಾಗಿಲು’ ಹುಟ್ಟುವುದು ಹೇಗೆ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ಪಶ್ಚಿಮ ಅಂಚಿನಲ್ಲಿ, ಹಡ್ಸನ್ ನದಿಗೆ ಸಮೀಪದಲ್ಲಿ, ರಿವರ್‌ಸೈಡ್ ಬೂಲವಾರ್ಡ್ ಎಂಬ ರಸ್ತೆಯಿದೆ. ಅಲ್ಲಿ ಎಕ್ಸ್‌ಟೆಲ್ ಎಂಬ ಕಂಪನಿ ಕಟ್ಟಿದ 33 ಅಂತಸ್ತಿನ ಕಟ್ಟಡದಲ್ಲಿ ಎರಡು ಬಗೆಯ ಮನೆಗಳಿವೆ. 219 ಫ್ಲ್ಯಾಟುಗಳು ಮಾರುಕಟ್ಟೆಯ ಬೆಲೆಗೆ, ಅಂದರೆ ದಶಲಕ್ಷಗಟ್ಟಲೆ ಡಾಲರುಗಳಿಗೆ, ಮಾರಾಟಕ್ಕೆಂದು ಕಟ್ಟಿದವು. ಉಳಿದ 55 ಮನೆಗಳನ್ನು ಸೀಮಿತ ಆದಾಯದ ಕುಟುಂಬಗಳಿಗೆ ನಿಯಂತ್ರಿತ ಬಾಡಿಗೆಗೆ ಕೊಡಬೇಕೆಂಬ ಷರತ್ತಿತ್ತು. ಫ್ಲ್ಯಾಟು ಕೊಂಡವರಿಗೆ ನದಿಯ ಕಡೆಯ ಲಾಬಿ, ಈಜುಕೊಳ, ಜಿಮ್, ಚಿಕ್ಕದೊಂದು ಚಿತ್ರಮಂದಿರ, ಬೌಲಿಂಗ್ ಅಂಕಣ. ಬಾಡಿಗೆಗೆ ಬಂದವರಿಗೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ವಿಳಾಸ, ಬಟ್ಟೆ ಒಗೆಯುವ ಯಂತ್ರಗಳ ಒಂದು ಕೋಣೆ, ಸೈಕಲ್ ಇಡಲು ಜಾಗ. ಈ ಯೋಜನೆಯ ವಿವರ 2013ರಲ್ಲಿ ಹೊರಬಿದ್ದಾಗ ಆ ಎರಡನೆಯ ಬಾಗಿಲಿಗೆ ‘ಪೂರ್ ಡೋರ್’, ಅಂದರೆ ‘ಬಡವರ ಬಾಗಿಲು’ ಎಂಬ ಹೆಸರು ಬಿತ್ತು. ಟೀಕೆಗಳ ನಡುವೆಯೇ 2014ರ ಬೇಸಿಗೆಯಲ್ಲಿ ನಗರಾಡಳಿತ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಮರುವರ್ಷ ಆ 55 ಮನೆಗಳ ಹಂಚಿಕೆಗೆ ಲಾಟರಿ ನಡೆದಾಗ ಬಂದ ಅರ್ಜಿಗಳು ಸುಮಾರು 88,000. ಒಂದೊಂದು ಮನೆಗೆ ಸುಮಾರು 1,600 ಅರ್ಜಿಗಳು. ಒಂದೇ ಕೋಣೆಯ ಮನೆಗೆ ತಿಂಗಳಿಗೆ 833 ಡಾಲರ್, ಎರಡು ಮಲಗುವ ಕೋಣೆಗಳ ಮನೆಗೆ 1,082 ಡಾಲರ್ ಬಾಡಿಗೆ. ಆ ಬಡಾವಣೆಯಲ್ಲಿ ಈ ದರ ಕನಸಿನ ಮಾತು. ಬಾಗಿಲಿನ ಕುಖ್ಯಾತಿ ಊರಿಗೆಲ್ಲ ಗೊತ್ತಾದ ಮೇಲೂ ಇಷ್ಟು ಜನ ಸಾಲುಗಟ್ಟಿದರೆಂದರೆ ‘ಜನರಿಗೇ ಬೇಸರವಿಲ್ಲ, ಬೇರೆಯವರಿಗೇಕೆ?’ ಎಂದು ಕೇಳಿದವರಿದ್ದರು. ಆ ವಾದವನ್ನು ನಾನು ಒಪ್ಪುವುದಿಲ್ಲ. ನೆತ್ತಿಯ ಮೇಲೆ ಸೂರಿಲ್ಲದ ಸಂಕಟ ಎಷ್ಟು ದೊಡ್ಡದು ಎಂಬುದನ್ನು ಆ ಸಂಖ್ಯೆ ಹೇಳುತ್ತದೆಯೇ ಹೊರತು, ಅವಮಾನ ಚಿಕ್ಕದು ಎಂದು ಹೇಳುವುದಿಲ್ಲ. ಆದರೆ ಬಿಲ್ಡರನ ದುರಾಸೆ ಎಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸಿಬಿಟ್ಟರೂ ವಿಷಯ ಅರ್ಥವಾಗುವುದಿಲ್ಲ. ಈ ಬಾಗಿಲಿನ ಹಿಂದೆ ಕಾನೂನು, ತೆರಿಗೆ, ಒಡೆತನ ಮತ್ತು ನಿರ್ವಹಣಾ ಶುಲ್ಕಗಳ ಒಂದು ಲೆಕ್ಕವಿದೆ, ಮತ್ತು ಆ ಲೆಕ್ಕವನ್ನು ಬಿಡಿಸಿ ನೋಡದೆ ಬಾಗಿಲನ್ನು ಮಾತ್ರ ನಿಷೇಧಿಸಿದರೆ ಭೇದವು ಬಾಗಿಲಿನಿಂದ ಎದ್ದು ಈಜುಕೊಳದ ಬಳಿಗೋ ಆಟದ ಅಂಗಳಕ್ಕೋ ಹೋಗಿ ಕೂರುತ್ತದೆ.

ಮೊದಲಿಗೆ, ಕೋಟ್ಯಧಿಪತಿಗಳಿಗೆ ಮನೆ ಕಟ್ಟುವವನು ಅದೇ ನಿವೇಶನದಲ್ಲಿ ಕೈಗೆಟುಕುವ ದರದ ಮನೆಗಳನ್ನು ಏಕೆ ಕಟ್ಟುತ್ತಾನೆ? ಔದಾರ್ಯದಿಂದಲ್ಲ, ಪ್ರತಿಫಲವಿರುವುದರಿಂದ. ನ್ಯೂಯಾರ್ಕಿನಲ್ಲಿ ಆ ಪ್ರತಿಫಲ ಎರಡು ದಾರಿಗಳಲ್ಲಿ ಬರುತ್ತಿತ್ತು. ಒಂದು, ಎತ್ತರದ ಅನುಮತಿ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಮಹಡಿ ವಿಸ್ತೀರ್ಣವನ್ನು ಕಟ್ಟಬಹುದು ಎಂಬುದನ್ನು ನಗರ ಯೋಜನೆಯ ನಿಯಮ ಗೊತ್ತುಮಾಡುತ್ತದೆ. ಅದನ್ನೇ ಎಫ್‌ಎಆರ್ ಎನ್ನುವುದು. ಅತಿ ದಟ್ಟಣೆಯ ವಸತಿ ವಲಯಗಳಲ್ಲಿ ಆಗ ಈ ಮಿತಿ 10 ಪಟ್ಟು ಇತ್ತು. ಕೈಗೆಟುಕುವ ಮನೆಗಳನ್ನು ಸೇರಿಸಿದವರಿಗೆ ಅದು 12 ಪಟ್ಟಿಗೆ ಏರುತ್ತಿತ್ತು. ನದಿ ಕಾಣುವ ಎತ್ತರದಲ್ಲಿ ಹೆಚ್ಚುವರಿಯಾಗಿ ದಕ್ಕುವ ಮಹಡಿಗಳ ಬೆಲೆ ಎಷ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ. ಇನ್ನೊಂದು, ಆಸ್ತಿ ತೆರಿಗೆಯಲ್ಲಿ ವಿನಾಯಿತಿ. 1971ರಲ್ಲಿ ಆರಂಭವಾದ ‘421-ಎ’ ಎಂಬ ಯೋಜನೆ ಹೊಸ ವಸತಿ ಕಟ್ಟಡಗಳಿಗೆ ವರ್ಷಾನುಗಟ್ಟಲೆ ತೆರಿಗೆ ಕಡಿತ ಕೊಡುತ್ತಿತ್ತು. ಕಾಲಕ್ರಮೇಣ ಮ್ಯಾನ್‌ಹಟನ್‌ನಂಥ ದುಬಾರಿ ಪ್ರದೇಶಗಳಲ್ಲಿ ಈ ಕಡಿತ ಬೇಕಾದರೆ ಶೇ. 20ರಷ್ಟು ಮನೆಗಳು ಕೈಗೆಟುಕುವ ದರದಲ್ಲಿರಬೇಕೆಂಬ ಷರತ್ತು ಸೇರಿತು. ಒಟ್ಟಿನಲ್ಲಿ ಸರ್ಕಾರ ತಾನು ಬಿಟ್ಟುಕೊಟ್ಟ ತೆರಿಗೆ ಮತ್ತು ಆಕಾಶದ ಜಾಗಕ್ಕೆ ಬದಲಾಗಿ ಕೆಲವು ಮನೆಗಳನ್ನು ಪಡೆಯುತ್ತಿತ್ತು. ಸಾರ್ವಜನಿಕರ ಹಣ ಆ ಕಟ್ಟಡದೊಳಗೆ ಇದೆ ಎಂಬುದನ್ನು ಮುಂದಿನ ವಾದಗಳನ್ನು ಓದುವಾಗ ಮರೆಯಬಾರದು.

‘ಕೈಗೆಟುಕುವ’ ಎಂಬ ಮಾತನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಅದು ಬಿಟ್ಟಿ ಮನೆಯಲ್ಲ, ಅತಿ ಬಡವರಿಗೆ ಮೀಸಲಾದ ಮನೆಯೂ ಅಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವಸತಿ ಇಲಾಖೆ ಪ್ರತಿ ವರ್ಷ ಒಂದೊಂದು ಮಹಾನಗರ ಪ್ರದೇಶದ ಮಧ್ಯಾಂಕ ಆದಾಯವನ್ನು, ಅಂದರೆ ಅರ್ಧದಷ್ಟು ಕುಟುಂಬಗಳ ಗಳಿಕೆ ಅದಕ್ಕಿಂತ ಹೆಚ್ಚು, ಉಳಿದರ್ಧದ್ದು ಕಡಿಮೆ ಇರುವ ಮೊತ್ತವನ್ನು, ಲೆಕ್ಕ ಹಾಕುತ್ತದೆ; ಅದರ ಶೇ. 60 ಅಥವಾ ಶೇ. 80ರಷ್ಟು ಆದಾಯವಿರುವ ಕುಟುಂಬ ತನ್ನ ಗಳಿಕೆಯ ಸುಮಾರು ಶೇ. 30ಕ್ಕಿಂತ ಹೆಚ್ಚನ್ನು ಬಾಡಿಗೆಗೆ ಕೊಡುವಂತಾಗಬಾರದು ಎಂಬ ಆಧಾರದ ಮೇಲೆ ದರ ನಿಗದಿಯಾಗುತ್ತದೆ. ಹಾಗಾಗಿ ಆ ಬಾಗಿಲಿನಿಂದ ಒಳಬರುವವರು ಹೆಚ್ಚಾಗಿ ದುಡಿಯುವ ಜನ, ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟುವ ಜನ.

ಹಾಗಿದ್ದಮೇಲೆ ಎರಡನೆಯ ಬಾಗಿಲೇಕೆ? ನಿಯಮದಲ್ಲೇ ಅದಕ್ಕೆ ಆಸ್ಪದವಿತ್ತು. ಒಂದೇ ಕಟ್ಟಡದೊಳಗೆ ಕೈಗೆಟುಕುವ ಮನೆಗಳಿದ್ದರೆ ಅವುಗಳನ್ನು ಬೇರೆ ಬೇರೆ ಮಹಡಿಗಳಲ್ಲಿ ಹಂಚಬೇಕಾಗುತ್ತಿತ್ತು. ಅವೇ ಮನೆಗಳು ಅದೇ ನಿವೇಶನದ ಪ್ರತ್ಯೇಕ ಕಟ್ಟಡದಲ್ಲಿವೆ, ಅಥವಾ ಕಟ್ಟಡದ ಪ್ರತ್ಯೇಕ ಭಾಗದಲ್ಲಿವೆ ಎಂದು ದಾಖಲೆಯಲ್ಲಿ ತೋರಿಸಿದರೆ ಆ ಕಟ್ಟುಪಾಡು ಅನ್ವಯಿಸುತ್ತಿರಲಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿದ್ದರೂ, ನೋಡುವವರ ಕಣ್ಣಿಗೆ ಒಂದೇ ಗೋಪುರವಾಗಿದ್ದರೂ, ಕಾಗದದ ಮೇಲೆ ಅವು ಎರಡು. ಎರಡು ಕಟ್ಟಡಗಳೆಂದ ಮೇಲೆ ಎರಡು ಬಾಗಿಲು ಬಂದೇ ಬರುತ್ತವೆ. ಬೇರೆಯೆಂದು ಹೇಳಿಕೊಳ್ಳಲು ಬಿಲ್ಡರುಗಳ ಬಳಿ ಕಾರಣವೂ ಇತ್ತು: ಒಂದು ಭಾಗ ಮಾರಾಟಕ್ಕೆ, ಇನ್ನೊಂದು ಬಾಡಿಗೆಗೆ. ಮಾರಾಟವಾದ ಭಾಗಕ್ಕೆ ನೂರಾರು ಮಾಲೀಕರು, ಅವರದೇ ಸಂಘ, ಅವರದೇ ಆಡಳಿತ ಮಂಡಳಿ. ಬಾಡಿಗೆಯ ಭಾಗಕ್ಕೆ ಒಬ್ಬನೇ ಮಾಲೀಕ, ಅದಕ್ಕೆ ಬೇರೆ ಸಾಲ, ಬೇರೆ ತೆರಿಗೆ ಲೆಕ್ಕ, ಸರ್ಕಾರದೊಂದಿಗೆ ಬೇರೆ ಕರಾರು. ಸಾಲ ಕೊಡುವ ಬ್ಯಾಂಕು ಎರಡನ್ನೂ ಕಲಸುಮೇಲೋಗರ ಮಾಡುವುದನ್ನು ಇಷ್ಟಪಡುವುದಿಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಕಾರಣಕ್ಕೆ, ನಿರ್ವಹಣಾ ಶುಲ್ಕಕ್ಕೆ, ಬರೋಣ. ಒಂದು ಊಹೆಯ ಲೆಕ್ಕ ಹಾಕಿ ನೋಡಿ. 200 ಮಾಲೀಕರಿರುವ ಕಟ್ಟಡದಲ್ಲಿ ಈಜುಕೊಳ, ಜಿಮ್ ಮತ್ತು ಲಾಬಿಯ ಸಿಬ್ಬಂದಿಗೆ ವರ್ಷಕ್ಕೆ 4,00,000 ಡಾಲರ್ ತಗಲುತ್ತದೆ ಎಂದಿಟ್ಟುಕೊಳ್ಳಿ. ತಲಾ 2,000 ಡಾಲರ್. ಪಕ್ಕದ 50 ಬಾಡಿಗೆ ಮನೆಯವರೂ ಇದೇ ದರ ಕೊಡಬೇಕೆಂದರೆ ತಿಂಗಳಿಗೆ ಸುಮಾರು 167 ಡಾಲರ್ ಬೀಳುತ್ತದೆ. 833 ಡಾಲರ್ ಬಾಡಿಗೆಗೆ ಇದನ್ನು ಸೇರಿಸಿದರೆ ಖರ್ಚು ಒಂದೇ ಏಟಿಗೆ ಐದನೇ ಒಂದು ಪಾಲು ಏರುತ್ತದೆ, ಕೈಗೆಟುಕುವ ಮನೆ ಕೈಜಾರುತ್ತದೆ. ಏನೂ ಕೊಡದೆ ಬಳಸಲಿ ಎಂದರೆ ಮಾಲೀಕರು ‘ನಮ್ಮ ದುಡ್ಡಿನಲ್ಲಿ ಅವರ ಈಜು’ ಎನ್ನುತ್ತಾರೆ. ಈ ಎರಡು ತುದಿಗಳನ್ನು ಮಾತ್ರ ಮುಂದಿಟ್ಟಾಗ ಬೇರೆ ಬಾಗಿಲು ಎನ್ನುವುದು ನ್ಯಾಯವಾದ ಏರ್ಪಾಡೆಂಬಂತೆ ಕಾಣತೊಡಗುತ್ತದೆ. ಆದರೆ ಇದೇ ಲೆಕ್ಕದಲ್ಲಿ ಮೂರನೆಯ ಸಂಗತಿಯೊಂದಿದೆ. ಕೊಳದ ನೀರು, ಅದರ ಶುದ್ಧೀಕರಣ, ಜಿಮ್ಮಿನ ದೀಪ, ಲಾಬಿಯಲ್ಲಿ ಕೂರುವ ನೌಕರನ ಸಂಬಳ ಇವೆಲ್ಲ 200 ಮನೆಯವರು ಬಳಸಿದರೂ 250 ಮನೆಯವರು ಬಳಸಿದರೂ ಹೆಚ್ಚುಕಡಿಮೆ ಅಷ್ಟೇ. ಆ 50 ಮನೆಗಳು ತಿಂಗಳಿಗೆ 20 ಡಾಲರ್ ಕೊಟ್ಟರೂ ವರ್ಷಕ್ಕೆ 12,000 ಡಾಲರ್ ಒಳಬರುತ್ತದೆ, ಮಾಲೀಕರ ಹೊರೆ ಒಂದಿಷ್ಟು ಇಳಿಯುತ್ತದೆ. ಅಂದರೆ ಮಧ್ಯದ ದಾರಿ ಇದೆ. ಅದನ್ನು ಯೋಜನೆಯ ಹಂತದಲ್ಲೇ ಬರೆದಿಡಬೇಕಷ್ಟೆ.

ಲಂಡನ್ನಿನ ಕತೆ ಇದೇ ಲೆಕ್ಕದ ಇನ್ನೊಂದು ಮುಖವನ್ನು ತೋರಿಸುತ್ತದೆ. ಇಂಗ್ಲೆಂಡಿನಲ್ಲಿ 1990ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 106ನೆಯ ಸೆಕ್ಷನ್ನಿನ ಅಡಿಯಲ್ಲಿ ಸ್ಥಳೀಯ ಆಡಳಿತವು ಬಿಲ್ಡರಿನೊಂದಿಗೆ ಕರಾರು ಮಾಡಿಕೊಂಡು ಇಂತಿಷ್ಟು ಮನೆಗಳು ಕೈಗೆಟುಕುವ ದರದಲ್ಲಿರಬೇಕೆಂದು ಷರತ್ತು ಹಾಕುತ್ತದೆ. ಬಿಲ್ಡರು ಆ ಮನೆಗಳನ್ನು ಸಾಮಾನ್ಯವಾಗಿ ಲಾಭರಹಿತ ವಸತಿ ಸಂಸ್ಥೆಯೊಂದಕ್ಕೆ ಮಾರುತ್ತಾನೆ. ಬಾಡಿಗೆದಾರರಿಗೆ ಮನೆಯ ಒಡೆಯ ಆ ಸಂಸ್ಥೆಯೇ. 2011ರಿಂದ ಜಾರಿಗೆ ಬಂದ ‘ಅಫೋರ್ಡಬಲ್ ರೆಂಟ್’ ಎಂಬ ಬಗೆಯಲ್ಲಿ ಬಾಡಿಗೆ ಮಾರುಕಟ್ಟೆ ದರದ ಶೇ. 80ನ್ನು ಮೀರುವಂತಿಲ್ಲ, ಮತ್ತು ಆ ಮಿತಿಯೊಳಗೇ ನಿರ್ವಹಣಾ ಶುಲ್ಕವೂ ಸೇರಿರಬೇಕು. ಹೋಟೆಲಿನಂಥ ಲಾಬಿ, 24 ಗಂಟೆಯೂ ಕೂರುವ ಸಿಬ್ಬಂದಿ, ಜಿಮ್ ಇವುಗಳ ಪಾಲು ಸಂಸ್ಥೆಯ ತಲೆಗೆ ಬಂದರೆ ಅದು ಬಾಡಿಗೆಯ ಆದಾಯವನ್ನೇ ತಿನ್ನುತ್ತದೆ. ಆದ್ದರಿಂದ ನಮಗೆ ಬೇರೆ ಬಾಗಿಲು, ಬೇರೆ ಲಿಫ್ಟು, ಬೇರೆ ಮೆಟ್ಟಿಲು ಕೊಟ್ಟುಬಿಡಿ ಎಂದು ಎಷ್ಟೋ ಕಡೆ ವಸತಿ ಸಂಸ್ಥೆಗಳೇ ಕೇಳಿದ್ದುಂಟು. ಬಡವರ ಪರವಾಗಿ ಕೆಲಸ ಮಾಡುವವರೇ ಬಡವರ ಬಾಗಿಲನ್ನು ಕೇಳುವ ಸ್ಥಿತಿ ಇದು, ಮತ್ತು ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿಯೂ ಇದೇ.

2014ರಲ್ಲಿ ಈ ವಿಷಯ ಲಂಡನ್ನಿನಲ್ಲಿ ಬೀದಿಗೆ ಬಂತು. ಆಲ್ಡ್‌ಗೇಟ್ ಪ್ರದೇಶದ ‘ಒನ್ ಕಮರ್ಷಿಯಲ್ ಸ್ಟ್ರೀಟ್’ ಎಂಬ ಗೋಪುರಕ್ಕೆ ರಸ್ತೆಯ ಕಡೆ ಮೆತ್ತನೆಯ ಸೋಫಾಗಳಿರುವ ವಿಶಾಲ ಲಾಬಿ. ಕೈಗೆಟುಕುವ ಮನೆಗಳವರ ಬಾಗಿಲು ಪಕ್ಕದ ಓಣಿಯಲ್ಲಿ. ಕ್ಲಾಸ್ ವಾರ್ ಎಂಬ ಗುಂಪಿನವರು ತಿಂಗಳುಗಟ್ಟಲೆ ಪ್ರತಿ ವಾರ ಅದರ ಮುಂದೆ ಪ್ರತಿಭಟಿಸಿದರು. ಅದೇ ವರ್ಷ ಗಾರ್ಡಿಯನ್ ಪತ್ರಿಕೆ ನಡೆಸಿದ ತನಿಖೆಯಲ್ಲಿ ಭೇದ ಬಾಗಿಲಿಗೇ ನಿಂತಿಲ್ಲ ಎಂಬುದು ಹೊರಬಂತು. ಕೆಲವು ಕಟ್ಟಡಗಳಲ್ಲಿ ಕಸ ಹಾಕುವ ಜಾಗ ಬೇರೆ, ಸೈಕಲ್ ನಿಲ್ಲಿಸುವ ಜಾಗ ಬೇರೆ, ಅಂಚೆ ಬರುವ ದಾರಿಯೂ ಬೇರೆ. ಅಂದರೆ ಒಂದೇ ವಿಳಾಸದ ನೆಲದ ಮೇಲೆ ಬದುಕುವ ಎರಡು ಮನೆಯವರು ಕಸದ ಚೀಲ ಹಿಡಿದುಕೊಂಡು ಹೋಗುವಾಗಲಾದರೂ ಎದುರಾಗಬಹುದಿದ್ದ ಸಂದರ್ಭವನ್ನು ಸಹ ನಕ್ಷೆ ತಪ್ಪಿಸಿಬಿಟ್ಟಿತ್ತು.

ಇವೆಲ್ಲಕ್ಕಿಂತ ಹೆಚ್ಚು ಕೋಪ ತರಿಸಿದ್ದು 2019ರ ಮಾರ್ಚ್‌ನಲ್ಲಿ ಸುದ್ದಿಯಾದ ಆಟದ ಅಂಗಳದ ಪ್ರಕರಣ. ದಕ್ಷಿಣ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹಳೆಯ ಶಾಲೆಯೊಂದರ ಜಾಗದಲ್ಲಿ ಎದ್ದ ವಸತಿ ಸಮುಚ್ಚಯದಲ್ಲಿ ಮಕ್ಕಳು ಆಡುವ ಜಾಗ ಎಲ್ಲ ನಿವಾಸಿಗಳಿಗೂ ಮುಕ್ತ ಎಂದು ಮೊದಲು ಹೇಳಲಾಗಿತ್ತು. ಪರವಾನಗಿ ಸಿಕ್ಕ ಮೇಲೆ ವಿನ್ಯಾಸ ಬದಲಾಯಿತು. ಗೇಟು ಇರಬೇಕಾದಲ್ಲಿ ದಟ್ಟವಾದ ಬೇಲಿಗಿಡ ಬೆಳೆದು ನಿಂತಿತು. ಒಂದೇ ಸಮುಚ್ಚಯದಲ್ಲಿ, ಕಿಟಕಿಯಿಂದ ಆಟದ ಜಾಗ ಕಾಣುವಷ್ಟು ಹತ್ತಿರದಲ್ಲಿ ಇದ್ದರೂ ಸಾಮಾಜಿಕ ವಸತಿಯ, ಅಂದರೆ ಕಡಿಮೆ ಬಾಡಿಗೆಯ ಮನೆಗಳ, ಮಕ್ಕಳಿಗೆ ಅಲ್ಲಿಗೆ ಪ್ರವೇಶವಿರಲಿಲ್ಲ. ಇದನ್ನು ವಿರೋಧಿಸಿದವರಲ್ಲಿ ಪೂರ್ಣ ಬೆಲೆ ಕೊಟ್ಟು ಮನೆ ಕೊಂಡ ತಂದೆತಾಯಿಗಳೂ ಇದ್ದರು. ತಮ್ಮ ಮಕ್ಕಳ ಗೆಳೆಯರು ಬೇಲಿಯ ಆಚೆ ನಿಲ್ಲುವುದನ್ನು ಅವರು ಒಪ್ಪಲಿಲ್ಲ. ದುಡ್ಡು ಕೊಟ್ಟವರಿಗೆಲ್ಲ ಬೇರೆತನವೇ ಬೇಕು ಎಂದು ಬಿಲ್ಡರುಗಳು ಊಹಿಸಿಕೊಳ್ಳುವುದು ಎಷ್ಟು ತಪ್ಪಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸುದ್ದಿಯಾದ ಮೇಲೆ ಅಡೆತಡೆ ತೆರವಾಯಿತು. ಆ ವರ್ಷದ ಜುಲೈನಲ್ಲಿ ಅಂದಿನ ವಸತಿ ಸಚಿವ ಜೇಮ್ಸ್ ಬ್ರೋಕನ್‌ಶೈರ್ ಬಡವರ ಬಾಗಿಲು ಮತ್ತು ಪ್ರತ್ಯೇಕ ಆಟದ ಅಂಗಳಗಳ ವಿರುದ್ಧ ಕ್ರಮಗಳನ್ನು ಪ್ರಕಟಿಸಿದರು. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ‘ಲಂಡನ್ ಯೋಜನೆ’ ಎಂಬ ನಗರಾಭಿವೃದ್ಧಿ ನೀತಿಯಲ್ಲಿ, ಮಕ್ಕಳ ಆಟದ ಜಾಗವನ್ನು ಮನೆಯ ಒಡೆತನದ ಬಗೆಗೆ ಅನುಗುಣವಾಗಿ ಬೇರ್ಪಡಿಸಬಾರದೆಂಬ ಮಾತು ಸೇರಿತು.

ಅದೇ 2021ರಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕೆ, ನೈನ್ ಎಲ್ಮ್ಸ್‌ನ ಎಂಬಸಿ ಗಾರ್ಡನ್ಸ್‌ನಲ್ಲಿ, ಎರಡು ಕಟ್ಟಡಗಳ ನಡುವೆ ಸುಮಾರು 35 ಮೀಟರ್ ಎತ್ತರದಲ್ಲಿ ತೂಗುವ 25 ಮೀಟರ್ ಉದ್ದದ ಪಾರದರ್ಶಕ ಈಜುಕೊಳ ತೆರೆಯಿತು. ಅದೇ ಸಮುಚ್ಚಯದಲ್ಲಿ ಮನೆಯ ಒಂದು ಪಾಲನ್ನು ಮಾತ್ರ ಕೊಂಡು ಉಳಿದ ಪಾಲಿಗೆ ಬಾಡಿಗೆ ಕಟ್ಟುವ ಕುಟುಂಬಗಳಿವೆ. ಅವರಿಗೆ ಆ ಕೊಳದಲ್ಲಿ ಇಳಿಯುವ ಹಕ್ಕಿಲ್ಲ. ತಲೆಯೆತ್ತಿದರೆ ಕಾಣುವ ನೀರು, ಆದರೆ ತಮ್ಮದಲ್ಲ. ಇಲ್ಲಿ ನಾನು ಒಂದು ವ್ಯತ್ಯಾಸ ಮಾಡಬಯಸುತ್ತೇನೆ. ಗಾಜಿನಂಥ ಕೊಳವನ್ನು ಆಕಾಶದಲ್ಲಿ ತೂಗುಹಾಕುವುದು ಆಡಂಬರ. ಅದರ ಖರ್ಚನ್ನು ಕಡಿಮೆ ಆದಾಯದ ಕುಟುಂಬದ ಮೇಲೆ ಕಡ್ಡಾಯವಾಗಿ ಹೇರುವುದು ನಿಜಕ್ಕೂ ಅನ್ಯಾಯ, ಮತ್ತು ಬೇಡವೆಂದವರಿಗೆ ಅದರಿಂದ ಹೊರಗುಳಿಯುವ ಅವಕಾಶ ಇರಬೇಕು. ಬೇಕೆಂದವರು ನ್ಯಾಯವಾದ ದರ ಕೊಟ್ಟು ಬಳಸುವ ದಾರಿಯೇ ಇಲ್ಲದಂತೆ ಮಾಡುವುದು ಮಾತ್ರ ಖರ್ಚಿನ ವಿಷಯವಾಗಿ ಉಳಿಯುವುದಿಲ್ಲ, ಅದು ಬೇರ್ಪಡಿಸುವಿಕೆ. ಇನ್ನು ಮುಖ್ಯ ಬಾಗಿಲು, ಅಂಚೆ ಪೆಟ್ಟಿಗೆ, ಲಿಫ್ಟು, ಅಂಗಳ, ಮಕ್ಕಳು ಆಡುವ ಜಾಗ ಇವು ಸೌಲಭ್ಯಗಳೆಂಬ ಪಟ್ಟಿಗೇ ಸೇರಬಾರದು. ಅವು ಮನೆಯೇ. ಅವುಗಳನ್ನು ಈಜುಕೊಳದ ಜೊತೆ ಒಂದೇ ನಿರ್ವಹಣಾ ಬಿಲ್ಲಿನಲ್ಲಿ ಕಟ್ಟಿಹಾಕಿದಾಗಲೇ ‘ಖರ್ಚು ಭರಿಸಲಾಗದು, ಆದ್ದರಿಂದ ಬಾಗಿಲು ಬೇರೆ’ ಎಂಬ ತರ್ಕಕ್ಕೆ ಬಲ ಬರುವುದು.

ನ್ಯೂಯಾರ್ಕ್ ರಾಜ್ಯ 2015ರ ಜೂನ್‌ನಲ್ಲಿ 421-ಎ ಕಾಯ್ದೆಯನ್ನು ತಿದ್ದಿತು. ತೆರಿಗೆ ವಿನಾಯಿತಿ ಬೇಕಾದರೆ ಕೈಗೆಟುಕುವ ಮನೆಯವರೂ ಉಳಿದವರೂ ಒಂದೇ ಪ್ರವೇಶದ್ವಾರ ಮತ್ತು ಒಂದೇ ಸಾಮಾನ್ಯ ಜಾಗಗಳನ್ನು ಬಳಸಬೇಕು, ಆ ಮನೆಗಳನ್ನು ಯಾವುದೋ ಒಂದು ಮಹಡಿಗೋ ಮೂಲೆಗೋ ಸೀಮಿತಗೊಳಿಸಬಾರದು ಎಂದು ಬರೆಯಲಾಯಿತು. ಇದು ದೊಡ್ಡ ಹೆಜ್ಜೆ. ಆದರೆ ಸಾಮಾನ್ಯ ಜಾಗವೆಂದರೆ ಲಾಬಿಯೂ ಹೌದು, ಕಾರಿಡಾರೂ ಹೌದು. ಸದಸ್ಯತ್ವ ಶುಲ್ಕವಿರುವ ಜಿಮ್ಮಿನ ಬಾಗಿಲು ಎಲ್ಲರಿಗೂ ತೆರೆದಿದ್ದರೂ ಆ ಶುಲ್ಕ ಕೆಲವರ ಕೈಗೆ ಎಟುಕದಿದ್ದರೆ ಅದು ಮುಚ್ಚಿದಂತೆಯೇ. ಹಳೆಯ ಕಟ್ಟಡಗಳದ್ದು ಇನ್ನೊಂದು ಪಾಡು. 2014ರ ಸುಮಾರಿಗೆ ನಗರದ ಕೆಲವು ಕಟ್ಟಡಗಳಲ್ಲಿ ಹೊಸದಾಗಿ ಜಿಮ್ ತೆರೆದು, ದಶಕಗಳಿಂದ ಅಲ್ಲೇ ಇದ್ದ ನಿಯಂತ್ರಿತ ಬಾಡಿಗೆಯ ನಿವಾಸಿಗಳನ್ನು ಹೊರಗಿಟ್ಟು ಮಾರುಕಟ್ಟೆ ದರ ಕೊಡುವವರಿಗೆ ಮಾತ್ರ ಪ್ರವೇಶ ಕೊಟ್ಟ ಪ್ರಕರಣಗಳು ಬೆಳಕಿಗೆ ಬಂದವು. ಅಲ್ಲಿ ಬಾಗಿಲು ಒಂದೇ, ಲಿಫ್ಟೂ ಒಂದೇ. ಆದರೆ ಜಿಮ್ಮಿನ ಬಾಗಿಲು ಕೆಲವರಿಗೆ ಮಾತ್ರ ತೆರೆಯುತ್ತಿತ್ತು.

ನಿಯಮ ಬಿಗಿಯಾದಷ್ಟೂ ಬಿಲ್ಡರು ಕೈಗೆಟುಕುವ ಮನೆಗಳನ್ನೇ ಕೈಬಿಡಬಹುದು, ಅಥವಾ ದೂರದ ಅಗ್ಗದ ಬಡಾವಣೆಯಲ್ಲಿ ಕಟ್ಟಿಕೊಡುತ್ತೇನೆ ಎನ್ನಬಹುದು ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದೇ ಹಣದಲ್ಲಿ ದೂರದಲ್ಲಿ ಹೆಚ್ಚು ಮನೆಗಳನ್ನು ಕಟ್ಟಬಹುದೆಂಬುದು ನಿಜ. ಆದರೆ ಒಳ್ಳೆಯ ಶಾಲೆ, ಕೆಲಸಕ್ಕೆ ಹತ್ತಿರದ ರೈಲು ನಿಲ್ದಾಣ, ಸುರಕ್ಷಿತ ಉದ್ಯಾನ ಇವು ಇರುವುದು ದುಬಾರಿ ಬಡಾವಣೆಗಳಲ್ಲೇ. ಎಲ್ಲ ಅಗ್ಗದ ಮನೆಗಳನ್ನೂ ಊರಾಚೆ ಕಟ್ಟಿದರೆ ಬೇರೆ ಬಾಗಿಲು ಹೋಗಿ ಬೇರೆ ಊರೇ ನಿರ್ಮಾಣವಾಗುತ್ತದೆ. 421-ಎ 2022ರಲ್ಲಿ ಮುಗಿದಾಗಲೂ, 2024ರಲ್ಲಿ ಅದರ ಜಾಗಕ್ಕೆ ‘485-ಎಕ್ಸ್’ ಬಂದಾಗಲೂ ನ್ಯೂಯಾರ್ಕಿನಲ್ಲಿ ನಡೆದ ಚರ್ಚೆಯ ತಿರುಳು ಸಾರ್ವಜನಿಕ ವಿನಾಯಿತಿಗೆ ಬದಲಾಗಿ ಎಷ್ಟು ಮನೆ, ಯಾವ ಆದಾಯದವರಿಗೆ ಎಂಬುದೇ ಆಗಿತ್ತು.

ಸೌಲಭ್ಯಗಳು ಶ್ರೀಮಂತರ ಸ್ವತ್ತೇ ಆಗಿರಬೇಕಿಲ್ಲ ಎಂಬುದಕ್ಕೆ ವಿಯೆನ್ನಾ ನಗರದ ಆಲ್ಟ್ ಎರ್ಲಾ ಒಂದು ಉದಾಹರಣೆ. ಹ್ಯಾರಿ ಗ್ಲುಕ್ ಎಂಬ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ, 1970ರ ಮತ್ತು 80ರ ದಶಕಗಳಲ್ಲಿ ಕಟ್ಟಿದ ಈ ಸಮುಚ್ಚಯದಲ್ಲಿ ಸುಮಾರು 3,200 ಮನೆಗಳಿವೆ. ಎಲ್ಲವೂ ಸರ್ಕಾರಿ ನೆರವಿನ ಮನೆಗಳು. ಆದರೂ ಅದರ ತಾರಸಿಗಳ ಮೇಲೆ 7 ಈಜುಕೊಳಗಳಿವೆ, ಒಳಾಂಗಣದಲ್ಲೂ ಕೊಳಗಳಿವೆ. ಖರ್ಚನ್ನು 200 ಮನೆಗಳ ಬದಲು ಸಾವಿರಾರು ಮನೆಗಳಿಗೆ ಭಾಗಿಸಿದಾಗ ತಲಾ ಬೀಳುವ ಮೊತ್ತ ಎಷ್ಟು ಇಳಿಯುತ್ತದೆ ಎಂಬುದನ್ನು ಮೇಲಿನ ಊಹೆಯ ಲೆಕ್ಕದಿಂದಲೇ ತಿಳಿಯಬಹುದು. ಮ್ಯಾನ್‌ಹಟನ್‌ನ ಗೋಪುರದಲ್ಲಿ ಇದನ್ನು ಹಾಗೆಯೇ ನಕಲು ಮಾಡಲಾಗದು, ನಿಜ. ಅಲ್ಲಿ ನೆಲದ ಬೆಲೆ ಬೇರೆ, ಒಡೆತನದ ಸ್ವರೂಪ ಬೇರೆ.

ನಕಲು ಮಾಡಬಹುದಾದದ್ದು ಕಾಗದಪತ್ರದ ಶಿಸ್ತನ್ನು. ಪರವಾನಗಿ ಕೊಡುವ ಅಧಿಕಾರಿಯ ಮೇಜಿನ ಮೇಲೆ ನಕ್ಷೆ ಇರುವಾಗಲೇ ನಾಲ್ಕು ಸಂಗತಿಗಳು ಕರಾರಿನಲ್ಲಿ ಬರಬೇಕು: ಯಾವ ಬಾಗಿಲು ಯಾರದ್ದು, ಯಾವ ಜಾಗ ಎಲ್ಲರದ್ದು, ಕಡ್ಡಾಯ ನಿರ್ವಹಣೆಯ ಬಿಲ್ಲು ಮತ್ತು ಐಚ್ಛಿಕ ಸೌಲಭ್ಯದ ಬಿಲ್ಲು ಎಲ್ಲಿ ಬೇರೆಯಾಗುತ್ತವೆ, ಐಚ್ಛಿಕ ಶುಲ್ಕ ಆದಾಯದ ಎಷ್ಟನೇ ಪಾಲನ್ನು ಮೀರುವಂತಿಲ್ಲ. ಇವುಗಳನ್ನು ಮನೆ ಹಸ್ತಾಂತರವಾದ ಮೇಲೆ ಸೇರಿಸಲು ಹೊರಟರೆ ನೂರಾರು ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಅದು ಸಿಗುವುದು ಅಪರೂಪ. ಲ್ಯಾಂಬೆತ್‌ನ ಪ್ರಕರಣ ಕಲಿಸಿದಂತೆ, ಪರವಾನಗಿಯ ನಂತರ ವಿನ್ಯಾಸ ಬದಲಾಯಿಸುವ ಅರ್ಜಿ ಬಂದಾಗಲೂ ಇವೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಬೇಕು. ಸಾಮಾನ್ಯವಾಗಿ ಯಾರೂ ಓದದ ಆ ತಿದ್ದುಪಡಿ ಅರ್ಜಿಯಲ್ಲೇ ಗೇಟು ಹೋಗಿ ಬೇಲಿಗಿಡ ಬರುವುದು.